ಚಳಿಗಾಲದಲ್ಲಿ ರಾತ್ರಿ ಬೆಂಗಳೂರು–ಮೂಡಿಗೆರೆ ಓಡಾಟ, ಕಾರಿಗೆ ಏನೇನು ಮಾಡಿಸ್ಕೋಬೇಕು?

ಕಾಫಿತೋಟದ_ದಾರಿ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಮೂಡಿಗೆರೆ ಹತ್ರ, ಕೆಲಸ ಬೆಂಗಳೂರಲ್ಲಿ. ಡಿಸೆಂಬರ್ ಬಂತು ಅಂದ್ರೆ ಕಾಫಿ ಕುಯ್ಲು ಜೋರಾಗುತ್ತೆ, ಅಪ್ಪ ಒಬ್ಬರೇ ನೋಡ್ಕೊಳ್ಳೋಕೆ ಆಗಲ್ಲ, ಹಾಗಾಗಿ ಫೆಬ್ರವರಿವರೆಗೂ ಶುಕ್ರವಾರ ಆಫೀಸ್ ಮುಗಿಸ್ಕೊಂಡು ರಾತ್ರಿನೇ ಹೊರಡೋದು, ನೆಲಮಂಗಲ ದಾಟೋ ಹೊತ್ತಿಗೇ ಒಂಬತ್ತೂವರೆ ಆಗಿರುತ್ತೆ, ಆಮೇಲೆ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು ಅಂತ ಮನೆ ಸೇರೋದು ಮಧ್ಯರಾತ್ರಿ ಕಳೆದ ಮೇಲೆ. ವಾಪಸ್ ಬರೋದು ಸೋಮವಾರ ಬೆಳಗಿನ ಜಾವ 4 ಗಂಟೆಗೆ, ಆ ಹೊತ್ತಲ್ಲಿ ನಮ್ಮ ಕಡೆ ಮಂಜು ಹೇಗಿರುತ್ತೆ ಅಂತ ಆ ಭಾಗದವರಿಗೆ ಹೇಳೋದೇ ಬೇಡ. ಈ ಸಲ ಅಮ್ಮನ್ನ ಡಾಕ್ಟರ್ ಹತ್ರ ತೋರಿಸೋಕೆ ಬೆಂಗಳೂರಿಗೆ ಕರ್ಕೊಂಡು ಬರೋದೂ ಇದೆ.

ಕಾರು 10 ವರ್ಷ ಹಳೆ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮಾಮೂಲಿ ಹ್ಯಾಲೋಜನ್ ಲೈಟು. ಸರ್ವೀಸ್ ಟೈಮಿಗೆ ಸರಿಯಾಗಿ ಮಾಡಿಸ್ತೀನಿ, ಎಂಜಿನ್ ಬಗ್ಗೆ ಯೋಚನೆ ಇಲ್ಲ. ತೊಂದರೆ ಏನಿದ್ರೂ ರಾತ್ರಿ ಕಾಣೋದ್ರಲ್ಲಿ. ಡಿಪ್ ಹಾಕಿದ್ರೆ ರೋಡ್ ಮಂಕು ಮಂಕು, ಎದುರುಗಡೆ ಬಸ್ಸೋ ಲಾರಿನೋ ಬಂದ್ರೆ ಒಂದೆರಡು ಸೆಕೆಂಡ್ ಏನೂ ಕಾಣಲ್ಲ, ಬೇಲೂರು ದಾಟಿದ ಮೇಲೆ ಗಾಜು ಒಳಗಡೆಯಿಂದ ಹಬೆ ಹಿಡಿಯುತ್ತೆ. ಫ್ರೆಂಡ್ಸ್ ಎಲ್ಲಾ ಎಲ್‌ಇಡಿ ಹಾಕ್ಸು ಎಲ್ಲಾ ಸರಿ ಹೋಗುತ್ತೆ ಅಂತಾರೆ, ಅಂಗಡಿಯವರು 100 ವ್ಯಾಟ್ ಬಲ್ಬ್ ಹಾಕ್ಸಿ ಅಂತಾರೆ, ಇನ್ನೊಬ್ಬರು ಹಳದಿ ಫಾಗ್ ಲ್ಯಾಂಪ್ ಇಲ್ದೆ ಘಟ್ಟದ ಕಡೆ ಹೋಗ್ಲೇಬೇಡ ಅಂತಾರೆ. ನಿಜವಾಗ್ಲೂ ಯಾವುದು ಬೇಕು ಯಾವುದು ಬೇಡ, ಈ ದಾರಿಲಿ ಓಡಾಡೋರು ದಯವಿಟ್ಟು ಹೇಳಿ.

ವೈರಿಂಗ್_ಮನೆ:

ನಂದು ಆಟೋ ಎಲೆಕ್ಟ್ರಿಕಲ್ ಕೆಲಸ, ತುಮಕೂರಲ್ಲಿ. ನವೆಂಬರ್ ಬಂದ್ರೆ ಇದೇ ಪ್ರಶ್ನೆ ದಿನಾ ಕೇಳ್ತಾರೆ ಆದ್ರಿಂದ ಸ್ವಲ್ಪ ಉದ್ದ ಬರೀತೀನಿ.

ಎಲ್‌ಇಡಿ ಬಲ್ಬ್ ವಿಚಾರ ಮೊದಲು ಪಕ್ಕಕ್ಕಿಡಿ ಸರ್. ನಿಮ್ಮ ಹೆಡ್‌ಲೈಟ್ ಒಳಗಡೆ ಇರೋ ಆ ಹೊಳೆಯೋ ಬಟ್ಟಲು, ರಿಫ್ಲೆಕ್ಟರ್ ಅಂತೀವಲ್ಲ, ಅದನ್ನ ಹ್ಯಾಲೋಜನ್ ಬಲ್ಬ್‌ನ ತಂತಿ ಎಲ್ಲಿ ಕೂತಿರುತ್ತೋ ಆ ಜಾಗಕ್ಕೇ ಅಳತೆ ಮಾಡಿ ಮಾಡಿರ್ತಾರೆ. ಅದೇ ಹೋಲ್ಡರ್‌ಗೆ ಎಲ್‌ಇಡಿ ತುರುಕಿದ್ರೆ ಬೆಳಕು ಹುಟ್ಟೋ ಜಾಗ, ಅದರ ಆಕಾರ ಎರಡೂ ಬದಲಾಗುತ್ತೆ, ಬೆಳಕು ರೋಡಿಗೆ ಬೀಳೋ ಬದಲು ಮೇಲಕ್ಕೆ, ಪಕ್ಕಕ್ಕೆ ಚೆಲ್ಲುತ್ತೆ. ಕಾರಿನ ಮುಂದೆ ಹತ್ತಿಪ್ಪತ್ತು ಮೀಟರ್ ಬೆಳ್ಳಗೆ ಕಾಣುತ್ತೆ ಅದಕ್ಕೇ ಜನ ಸೂಪರ್ ಅಂತಾರೆ, ಆದ್ರೆ ದೂರ ಕಾಣಲ್ಲ, ಹತ್ರದ್ದು ಅಷ್ಟು ಬೆಳ್ಳಗಿದ್ರೆ ಕಣ್ಣು ಅದಕ್ಕೇ ಹೊಂದ್ಕೊಂಡು ದೂರದ ಕತ್ತಲು ಇನ್ನೂ ಕಪ್ಪಾಗುತ್ತೆ. ಎದುರುಗಡೆಯವನ ಕಣ್ಣಿಗೆ ಹೊಡೆಯೋದು ಬೇರೆ. ಮಂಜಲ್ಲಿ ಮೇಲಕ್ಕೆ ಚೆಲ್ಲಿದ ಬೆಳಕೆಲ್ಲಾ ವಾಪಸ್ ನಿಮ್ಮ ಮುಖಕ್ಕೇ ಬರುತ್ತೆ. ನೀವು ಹೋಗೋ ದಾರಿಗೆ ಅದು ಬೇಡವೇ ಬೇಡ.

100 ವ್ಯಾಟ್ ಬಲ್ಬೂ ಬೇಡ. ಕಂಪನಿ ಕೊಟ್ಟಿರೋದು ಎಚ್4 ಅನ್ನೋ ಬಲ್ಬು, 60/55 ವ್ಯಾಟ್ ಇರುತ್ತೆ, ಅಂದ್ರೆ ಹೈಬೀಮ್‌ಗೆ 60, ಡಿಪ್‌ಗೆ 55, ವೈರು ಸ್ವಿಚ್ಚು ಎಲ್ಲಾ ಅಷ್ಟಕ್ಕೇ ಲೆಕ್ಕ ಹಾಕಿರೋದು. 100/90 ಹಾಕ್ಸಿ ಹೋಲ್ಡರ್ ಕರಗಿ ಕರ್ರಗಾಗಿ ಬರೋ ಗಾಡಿ ನನ್ನ ಹತ್ರ ಪ್ರತಿ ಸೀಸನ್ ಬರುತ್ತೆ, ನಡುರಾತ್ರಿ ಎರಡೂ ಲೈಟ್ ಒಟ್ಟಿಗೆ ಹೋದ್ರೆ ಏನು ಗತಿ ಯೋಚನೆ ಮಾಡಿ.

ಈಗ ಏನು ಮಾಡಿಸ್ಬೇಕು ಅಂದ್ರೆ. ಹಳೇ ಗಾಡಿಲಿ ಲೈಟ್ ಮಂಕಾಗೋಕೆ ಬಲ್ಬ್ ಒಂದೇ ಕಾರಣ ಅಲ್ಲ, ಕರೆಂಟೇ ಪೂರ್ತಿ ತಲುಪಿರಲ್ಲ. ಎಂಜಿನ್ ಓಡ್ತಿರುವಾಗ ಬ್ಯಾಟರಿ ಹತ್ರ 14 ವೋಲ್ಟ್ ಸುಮಾರಿಗೆ ಇರುತ್ತೆ, ಅದೇ ಬಲ್ಬ್ ಹಿಂದುಗಡೆ ಪಿನ್ನಲ್ಲಿ ಮೀಟರ್ ಇಟ್ಟು ನೋಡಿದ್ರೆ 12ಕ್ಕಿಂತ ಕಮ್ಮಿ ಬರೋ ಗಾಡಿಗಳು ಬೇಕಾದಷ್ಟಿವೆ. ಹ್ಯಾಲೋಜನ್‌ಗೆ ವೋಲ್ಟೇಜ್ 10 ಪರ್ಸೆಂಟ್ ಕಮ್ಮಿ ಆದ್ರೆ ಬೆಳಕು 30 ಪರ್ಸೆಂಟ್ ಹತ್ರ ಕಮ್ಮಿ ಆಗುತ್ತೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಅರ್ತ್ ಪಾಯಿಂಟ್ (ವೈರು ಗಾಡಿ ಬಾಡಿಗೆ ಸೇರೋ ಜಾಗ) ಬಿಚ್ಚಿ ತುಕ್ಕು ಉಜ್ಜಿ ಟೈಟ್ ಮಾಡಿಸಿ, ಬ್ಯಾಟರಿಯಿಂದ ನೇರ ಫ್ಯೂಸ್ ಇಟ್ಟು ರಿಲೇ ವೈರಿಂಗ್ ಹಾಕಿಸಿ (ಸ್ವಿಚ್ಚು ಬರೀ ರಿಲೇನ ಆನ್ ಮಾಡುತ್ತೆ, ಲೈಟಿಗೆ ಕರೆಂಟ್ ಬ್ಯಾಟರಿಯಿಂದ್ಲೇ ಹೋಗುತ್ತೆ), ಹೊಸ 60/55 ಬಲ್ಬ್ ಜೋಡಿಯಾಗೇ ಹಾಕಿ, ಒಂದು ಸುಟ್ಟಿದೆ ಅಂತ ಒಂದೇ ಬದಲಾಯಿಸ್ಬೇಡಿ. ಬಲ್ಬ್ ಗಾಜನ್ನ ಕೈಯಲ್ಲಿ ಮುಟ್ಟಬಾರದು, ಕೈ ಎಣ್ಣೆ ಅಂಟಿದ ಜಾಗ ಜಾಸ್ತಿ ಕಾದು ಬೇಗ ಹೋಗುತ್ತೆ.

ಆಮೇಲೆ ಹೆಡ್‌ಲೈಟ್ ಮೇಲಿನ ಪ್ಲಾಸ್ಟಿಕ್ ನೋಡಿ. 10 ವರ್ಷ ಬಿಸಿಲಲ್ಲಿ ನಿಂತಿದ್ರೆ ಹಳದಿ ಆಗಿರುತ್ತೆ. ನೀರು ಹಾಕ್ಕೊಂಡು 800, 1500, 2000 ನಂಬರ್ ಪೇಪರಲ್ಲಿ ಉಜ್ಜಿ ಪಾಲಿಶ್ ಮಾಡಿ ಅದರ ಮೇಲೆ ಯುವಿ ಕೋಟಿಂಗ್ ಹೊಡೆಸ್ಬೇಕು. ಕೋಟಿಂಗ್ ಇಲ್ದೆ ಬರೀ ಉಜ್ಜಿಸಿದ್ರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಬಣ್ಣ. ಟೂತ್‌ಪೇಸ್ಟ್ ಉಜ್ಜೋ ವಿಡಿಯೋ ಎಲ್ಲಾ ನಾಲ್ಕು ದಿನದ ಕೆಲಸ.

ಕೊನೇದು ಅಲೈನ್‌ಮೆಂಟ್, ಇದಕ್ಕೆ ದುಡ್ಡೇ ಬೇಡ. ಟೈರ್ ಗಾಳಿ ಸರಿ ಇರ್ಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂತ್ಕೊಳ್ಳಿ, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಸಿ, ಲೈಟ್ ಮೇಲೆ ಕೆಳಗೆ ಮಾಡೋ ಲೆವೆಲಿಂಗ್ ನಾಬ್ 0 ಇಟ್ಟು ಡಿಪ್ ಹಾಕಿ. ಹೆಡ್‌ಲೈಟ್ ಮಧ್ಯಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅದಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೆಳಕಿನ ಗೆರೆ ಕಾಣ್ಬೇಕು, ಎಡಗಡೆಗೆ ಸ್ವಲ್ಪ ಮೇಲೇರಿರುತ್ತೆ ಅದು ಸರೀನೇ. ಗೆರೆ ಇನ್ನೂ ಕೆಳಗಿದ್ರೆ ದೂರ ಕಾಣಲ್ಲ, ಮೇಲಿದ್ರೆ ಎದುರಿನವನಿಗೆ ಕಷ್ಟ. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಾ ಕಾಫಿ ಬೀಜ, ಬಾಳೆಗೊನೆ ತುಂಬ್ಕೊಂಡು ಬಂದ್ರೆ ಮೂತಿ ಮೇಲೇಳುತ್ತೆ, ಆಗ ಸ್ಟೇರಿಂಗ್ ಬಲಗಡೆ ಇರೋ ನಾಬ್ 2ಕ್ಕೋ 3ಕ್ಕೋ ತಿರುಗಿಸ್ಬೇಕು. ಆ ನಾಬ್ ಯಾಕಿದೆ ಅಂತ ನೂರಕ್ಕೆ ತೊಂಬತ್ತು ಜನ ಕೇಳೇ ಇಲ್ಲ.

ಘಟ್ಟದ_ತುದಿ:

ಮೇಲಿನವರು ಲೈಟ್ ಬಗ್ಗೆ ಹೇಳಿದ್ದೆಲ್ಲಾ ಸರಿ ಉಂಟು ಮಾರಾಯ್ರೇ, ನಾನು ಮಂಜಿನ ಬಗ್ಗೆ ಹೇಳ್ತೇನೆ, ನಮ್ಮ ಮನೆ ಕೊಟ್ಟಿಗೆಹಾರದ ಹತ್ರ.

ಇಲ್ಲಿ ಮಂಜು ಒಂದೇ ಸಮ ಇರೋದಿಲ್ಲ, ತಿರುವಿಗೊಂದು ಥರ. ಒಂದು ತಿರುವು ಕ್ಲಿಯರ್, ಮುಂದಿನ ತಿರುವಲ್ಲಿ ಬಾನೆಟ್ ಕಾಣೋದಿಲ್ಲ. ಹಾಗಾಗಿ ಕ್ಲಿಯರ್ ಸಿಕ್ಕಿದಲ್ಲಿ ಟೈಮ್ ಕವರ್ ಮಾಡ್ತೇನೆ ಅಂತ ಎಳೆಯೋಕೆ ಹೋಗಬಾರದು. ಹೈಬೀಮ್ ಅಂತೂ ಮುಟ್ಲೇಬೇಡಿ, ಬಿಳಿ ಗೋಡೆ ಎದುರು ನಿಂತ ಹಾಗೆ ಆಗ್ತದೆ. ಡಿಪ್ ಹಾಕಿ, ಫಾಗ್ ಲ್ಯಾಂಪ್ ಇದ್ರೆ ಅದನ್ನೂ ಹಾಕಿ. ಫಾಗ್ ಲ್ಯಾಂಪ್ ಕೆಲಸ ಮಾಡೋದು ಅದು ಬಂಪರಲ್ಲಿ ಕೆಳಗಿರೋದ್ರಿಂದ ಮತ್ತೆ ಬೆಳಕು ಅಗಲಕ್ಕೆ, ಚಪ್ಪಟೆಯಾಗಿ ನೆಲದ ಹತ್ರ ಹೋಗೋದ್ರಿಂದ, ಬಣ್ಣ ಹಳದಿಯೋ ಬಿಳಿಯೋ ಅನ್ನೋದು ಅಷ್ಟು ದೊಡ್ಡ ವಿಷಯ ಅಲ್ಲ. ಕೆಲವರು ಗ್ರಿಲ್ ಮೇಲೆ, ಬಾನೆಟ್ ಎತ್ತರಕ್ಕೆ ಹಳದಿ ಲೈಟ್ ಕೂರಿಸ್ತಾರೆ, ಅದರಿಂದ ಮಂಜಲ್ಲಿ ಪ್ರಯೋಜನ ಇಲ್ಲ. ನಿಮ್ಮ ಗಾಡಿ ಬಂಪರಲ್ಲಿ ಫಾಗ್ ಲ್ಯಾಂಪ್ ಜಾಗ ಖಾಲಿ ಇದ್ರೆ ಕಂಪನಿದೇ ಹಾಕಿಸಿ, ಸಾಕು.

ಹಬೆ ವಿಷಯ. ಚಳಿ ಅಂತ ಎಲ್ಲಾ ಗ್ಲಾಸ್ ಮುಚ್ಚಿ ಏಸಿ ಆಫ್ ಮಾಡಿ ಗಾಳಿ ಒಳಗೇ ಸುತ್ತೋ ಬಟನ್ ಒತ್ತಿ ಕೂತ್ರೆ ಉಸಿರಿನ ತೇವ ಎಲ್ಲಿಗೆ ಹೋಗ್ಬೇಕು, ತಣ್ಣಗಿರೋ ಗಾಜಿಗೇ ಹೋಗಿ ಕೂರ್ತದೆ. ಫ್ರೆಶ್ ಏರ್ ಕಡೆಗೆ ತಿರುಗಿಸಿ, ಗಾಳಿ ಮುಂದಿನ ಗಾಜಿಗೆ ಬಿಡಿ, ಏಸಿ ಆನ್ ಮಾಡಿ. ಏಸಿ ಗಾಳಿಯಲ್ಲಿರೋ ನೀರನ್ನ ಹಿಂಡಿ ತೆಗೀತದೆ, ಎರಡು ನಿಮಿಷದಲ್ಲಿ ಗಾಜು ಕ್ಲಿಯರ್. ಬಟ್ಟೆಲಿ ಒರೆಸೋದು ಬೇಡ, ಒರೆಸಿದ ಗೆರೆಗಳು ಎದುರಿನ ಲೈಟ್ ಬಿದ್ದಾಗ ಇನ್ನೂ ಕಣ್ಣು ಚುಚ್ತವೆ. ಆದ್ರೆ ಇದಕ್ಕೆ ಉಲ್ಟಾನೂ ಉಂಟು. ಘಟ್ಟ ಇಳಿದು ಬೆಳ್ತಂಗಡಿ, ಮಂಗಳೂರು ಕಡೆ ಹೋದಾಗ ಸೆಕೆ, ಏಸಿ ಜೋರು ಇರ್ತದೆ, ಗಾಜು ಒಳಗಿಂದ ತಣ್ಣಗಾಗಿ ಹೊರಗಡೆ ನೀರು ಕೂರ್ತದೆ. ಆಗ ಒಳಗೆ ಎಷ್ಟು ಒರೆಸಿದ್ರೂ ಹೋಗೋದಿಲ್ಲ, ವೈಪರ್ ಒಮ್ಮೆ ಹಾಕಿ ಏಸಿ ತಂಪು ಕಮ್ಮಿ ಮಾಡ್ಬೇಕು. ಬೆರಳಿಂದ ಗಾಜು ಮುಟ್ಟಿ ನೋಡಿದ್ರೆ ತೇವ ಒಳಗಿದೆಯೋ ಹೊರಗಿದೆಯೋ ಗೊತ್ತಾಗ್ತದೆ.

ವೈಪರ್ ರಬ್ಬರ್ ಮಳೆಗಾಲ ಮುಗಿದ ಮೇಲೆ ಬದಲಾಯಿಸಿ. ಎಲ್ಲರೂ ಜೂನ್‌ಗೆ ಮುಂಚೆ ಹಾಕ್ತಾರೆ, ನಮ್ಮ ಮಳೆಲಿ ನಾಲ್ಕು ತಿಂಗಳು ತಿರುಗಿ ಅದು ಸವೆದು ಹೋಗಿರ್ತದೆ, ಡಿಸೆಂಬರ್ ಮಂಜಿಗೆ ಗಾಜಿನ ಮೇಲೆ ಬರೀ ಗೀಚ್ತದೆ. ವಾಷರ್ ನೀರು ಹೊರಡೋ ಮುಂಚೆ ತುಂಬಿಸಿ.

ಆನೆ. ಇದನ್ನ ಹೇಳ್ಲೇಬೇಕು. ಬೇಲೂರು, ಸಕಲೇಶಪುರ, ಮೂಡಿಗೆರೆ ಈ ಮೂರೂ ತಾಲೂಕಲ್ಲಿ ಕಾಡಾನೆ ತೋಟದಿಂದ ತೋಟಕ್ಕೆ ರಸ್ತೆ ದಾಟ್ತಾ ಇರ್ತವೆ. ಮೈ ಕಪ್ಪು, ಮಂಜಲ್ಲಿ ಹತ್ರ ಬರೋವರೆಗೂ ಕಾಣೋದಿಲ್ಲ. ಕಂಡ್ರೆ ಹಾರ್ನ್ ಬೇಡ, ಲೈಟ್ ಮಿಂಚಿಸೋದು ಬೇಡ, ಇಳಿದು ಫೋಟೋ ಅಂತೂ ಬೇಡವೇ ಬೇಡ, ಅಲ್ಲೇ ದೂರದಲ್ಲಿ ನಿಲ್ಲಿ, ಅದು ನಿಮ್ಮ ಕಡೆ ಬಂದ್ರೆ ಮೆಲ್ಲ ರಿವರ್ಸ್ ಹೋಗಿ. ಒಂದು ದಾಟಿತು ಅಂತ ತಕ್ಷಣ ಹೊರಡಬೇಡಿ, ಹಿಂದೆ ಮರಿ ಇರ್ತದೆ. ರಿವರ್ಸ್ ಲೈಟ್ ಎರಡೂ ಉರೀತಾ ಉಂಟಾ ಅಂತ ಹೊರಡೋ ಮುಂಚೆ ನೋಡ್ಕೊಳ್ಳಿ, ಕತ್ತಲಲ್ಲಿ ತೋಟದ ಚರಂಡಿ ಪಕ್ಕ ಹಿಂದೆ ಹೋಗುವಾಗ ಅದರ ಬೆಲೆ ತಿಳೀತದೆ.

ಕಬ್ಬಿನ_ಹೊಲ:

ನಮಸ್ಕಾರ್ರಿ. ನಾ ಬಾಗಲಕೋಟಿ ಕಡೆಯಾಂವ. ನಿಮ್ಮ ದಾರಿ ಬ್ಯಾರೆ ಖರೆ, ಆದ್ರ ಒಂದು ಮಾತ ಎಲ್ಲಾ ಕಡೆ ಹೊಂದತೈತಿ ಅಂತ ಬರಿಯಾಕತ್ತೀನಿ.

ನಮ್ಮ ಕಡೆ ಚಳಿಗಾಲ ಅಂದ್ರ ಕಬ್ಬಿನ ಸೀಸನ್. ಜಮಖಂಡಿ, ಮುಧೋಳ, ಆ ಕಡೆ ಚಿಕ್ಕೋಡಿ, ಅಥಣಿ, ರಾತ್ರಿಯೆಲ್ಲಾ ಟ್ರ್ಯಾಕ್ಟರ್ ಹಿಂದ ಎರಡೆರಡು ಟ್ರೇಲರ್ ಕಟ್ಟಿಕೊಂಡು ಫ್ಯಾಕ್ಟರಿಗೆ ಹೊಂಟಿರತಾವು. ಕಬ್ಬು ಟ್ರೇಲರ್ ಮೀರಿ ಹಿಂದಕ್ಕ ಜೋತು ಬಿದ್ದು ಇದ್ದೊಂದು ಲೈಟ್ ಸುದ್ದಾ ಮುಚ್ಚಿರತೈತಿ. ಬಾಜೂಕ ನಿಂತಿದ್ರಂತೂ ಮುಗೀತು, ಕತ್ತಲದಾಗ ಕಬ್ಬಿನ ಸೋಗೆ ರೋಡಿನ ಬಣ್ಣಾನ ಇರತೈತಿ. ಈಗೀಗ ಕೆಂಪು ರಿಫ್ಲೆಕ್ಟರ್ ಬಟ್ಟಿ ಕಟ್ಟಾಕತ್ತಾರ, ಆದ್ರ ಎಲ್ಲಾರೂ ಕಟ್ಟೂದಿಲ್ಲ. ನಿಮ್ಮ ಹಾಸನ ಮಂಡ್ಯ ಕಡೇನೂ ಕಬ್ಬಿನ ಗಾಡಿ, ಎತ್ತಿನ ಗಾಡಿ ಅದಾವಲ್ರಿ.

ಅದಕ್ಕ ಈ ಲೆಕ್ಕ ತಲ್ಯಾಗ ಇಟ್ಕೊಳ್ರಿ. 80ರಾಗ ಹೋಗೂ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಕ್ಕೈತಿ. ಮುಂದ ಏನೋ ಐತಿ ಅಂತ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೂದರಾಗ ಒಂದೂವರೆ ಸೆಕೆಂಡ್, ಅಲ್ಲಿಗೇ 33 ಮೀಟರ್ ಹೋತು, ಆಮ್ಯಾಲ ಒಣಾ ರೋಡಿನಾಗ ಬ್ರೇಕ್ ಹಿಡದು ನಿಲ್ಲಾಕ ಮತ್ತ 35 ಮೀಟರ್ ಹತ್ರ. ಒಟ್ಟ 70 ಮೀಟರ್ ಸನೇಕ ಬೇಕು. ನಿಮ್ಮ ಡಿಪ್ ಲೈಟಿನಾಗ ಲೈಟ್ ಇಲ್ಲದ ಟ್ರೇಲರ್ ಕಾಣೂದು ಭಾಳ ಅಂದ್ರ 50, 60 ಮೀಟರ್. ಅಂದ್ರ ಕಂಡಾಗನ ತಡಾ ಆಗಿರತೈತಿ. 60ಕ್ಕ ಇಳಿಸಿದ್ರ 45 ಮೀಟರಿನಾಗ ನಿಲ್ಲತೈತಿ. ಈ ಇಪ್ಪತ್ತರ ಫರಕಿನಾಗ ಮನಿ ಮಂದಿ ಜೀವ ಐತ್ರಿ. ಇಬ್ಬನಿ ಬಿದ್ದು ರೋಡ್ ಹಸಿ ಇದ್ರ ಇನ್ನೂ ಕಮ್ಮಿ ಮಾಡ್ರಿ. ಲೈಟ್ ಎಷ್ಟರ ಛಲೋ ಹಾಕಿಸ್ರಿ, ಕಾಣೂದರಷ್ಟರಾಗ ನಿಲ್ಲೂವಂಗ ಹೋದ್ರ ಅಷ್ಟ ಅದು ಉಪಯೋಗ.

ಟೈರಿನ ಗಾಳಿನೂ ನೋಡ್ಕೋರಿ. 5–6 ಡಿಗ್ರಿ ಥಂಡಿ ಹೆಚ್ಚಾತಂದ್ರ ಸುಮಾರು 1 ಪಿಎಸ್‌ಐ ಇಳಿತೈತಿ. ಮಧ್ಯಾಹ್ನ ಬೆಂಗಳೂರಾಗ ಬಿಸಿ ಟೈರಿಗೆ ಹೊಡಿಸಿ, ಮುಂಜಾನೆ ನಾಕಕ್ಕ ಮಲೆನಾಡಿನ ಚಳಿಯಾಗ ಹೊಂಟ್ರ 3 ಪಿಎಸ್‌ಐ ಕಮ್ಮಿ ಇರತೈತಿ. ಮುಂಜಾನೆ ಗಾಡಿ ತಣ್ಣಗಿದ್ದಾಗ ಹೊಡಿಸೂದು ಲೇಸು. ಟೈರಿನ ಗುಡ್ಡಿ, ಅಂದ್ರ ಮ್ಯಾಲಿನ ಗೆರಿ ಆಳ, 1.6 ಮಿಲಿಮೀಟರಿಗೆ ಬಂದ್ರ ಕಾನೂನಿನ ಪ್ರಕಾರನೂ ಟೈರ್ ಮುಗೀತು, ನಾನಂತೂ 3ಕ್ಕ ಬಂದ ಕೂಡ್ಲೆ ಬದಲಿ ಮಾಡ್ತೀನ್ರಿ.

ನೋಯ್ಡಾ_ಕನ್ನಡಿಗ:

ನಾನು ಶಿವಮೊಗ್ಗದವನು, ಕೆಲಸಕ್ಕೆ ನೋಯ್ಡಾದಲ್ಲಿದ್ದೀನಿ. ಇಲ್ಲಿ ಡಿಸೆಂಬರ್ ಕೊನೆ, ಜನವರಿ ಮಂಜು ಅಂದ್ರೆ ಕೆಲವು ದಿನ ಮಧ್ಯಾಹ್ನದವರೆಗೂ ಹೋಗಲ್ಲ. ಯಮುನಾ ಎಕ್ಸ್‌ಪ್ರೆಸ್‌ವೇನಲ್ಲಿ ಮಾಮೂಲಿ 100 ಇರೋ ಸ್ಪೀಡ್ ಲಿಮಿಟ್ ಅನ್ನ ಡಿಸೆಂಬರ್ 15ರಿಂದ ಫೆಬ್ರವರಿ 15ರವರೆಗೆ ಕಾರುಗಳಿಗೆ 75ಕ್ಕೆ ಇಳಿಸ್ತಾರೆ. ಆರು ಪಥದ, ಡಿವೈಡರ್ ಇರೋ ನೇರ ರಸ್ತೆಗೇ ಅಷ್ಟು. ಬೇಲೂರು ಮೂಡಿಗೆರೆ ದಾರಿಗೆ ನೀವೇ ಲೆಕ್ಕ ಹಾಕಿ.

ನಾನು ಹೇಳಬೇಕಾಗಿರೋದು ಎರಡು ವಿಷಯ. ಒಂದು, ಮಂಜಲ್ಲಿ ಓಡ್ತಾ ಇರೋವಾಗ ನಾಲ್ಕೂ ಇಂಡಿಕೇಟರ್ ಮಿಣ ಮಿಣ ಅನ್ನಿಸ್ಕೊಂಡು ಹೋಗ್ತಾರಲ್ಲ, ದಯವಿಟ್ಟು ಮಾಡಬೇಡಿ. ಹಿಂದಿನವನಿಗೆ ನೀವು ನಿಂತಿದ್ದೀರೋ ಹೋಗ್ತಿದ್ದೀರೋ ಗೊತ್ತಾಗಲ್ಲ, ನೀವು ಬಲಕ್ಕೆ ತಿರುಗೋಕೆ ಇಂಡಿಕೇಟರ್ ಹಾಕಿದ್ರೂ ಕಾಣಲ್ಲ. ಹಜಾರ್ಡ್ ಇರೋದು ನಿಂತಾಗ ಹಾಕೋಕೆ. ಗಾಡಿ ಹಿಂದೆ ಕೆಂಪು ಫಾಗ್ ಲೈಟ್ ಇದ್ರೆ ದಟ್ಟ ಮಂಜಲ್ಲಿ ಅದನ್ನ ಹಾಕಿ, ಮಂಜು ಹೋದ ತಕ್ಷಣ ಆಫ್ ಮಾಡಿ, ಇಲ್ಲಾಂದ್ರೆ ಹಿಂದಿನವನ ಕಣ್ಣಿಗೆ ಅದು ಚುಚ್ಚುತ್ತೆ, ಬ್ರೇಕ್ ಲೈಟಿಗೂ ಅದಕ್ಕೂ ವ್ಯತ್ಯಾಸ ತಿಳಿಯಲ್ಲ.

ಎರಡು, ನಿಲ್ಲಿಸೋದು. 2023ರ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಹತ್ರ ಬೆಳಗಿನ ಮಂಜಲ್ಲಿ ಹೈವೇನಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಸುಮೋ ಗುದ್ದಿ 12ಕ್ಕೂ ಹೆಚ್ಚು ಜನ ಹೋದ್ರಲ್ಲ, ಅವತ್ತಿಂದ ನನಗೆ ಮಂಜಲ್ಲಿ ಚಲಿಸೋ ಗಾಡಿಗಿಂತ ನಿಂತಿರೋ ಗಾಡಿ ಬಗ್ಗೆನೇ ಭಯ. ಪಂಕ್ಚರ್ ಆಯ್ತು ಅಂತ ರೋಡ್ ಅಂಚಲ್ಲೇ ನಿಲ್ಲಿಸಬೇಡಿ, ರಿಮ್ ಹಾಳಾದ್ರೂ ಪರವಾಗಿಲ್ಲ, ಮೆಲ್ಲಗೆ ಪೆಟ್ರೋಲ್ ಬಂಕೋ ಢಾಬಾನೋ ಅಗಲವಾದ ಜಾಗವೋ ಸಿಗೋವರೆಗೂ ತಗೊಂಡು ಹೋಗಿ. ಆಗಲೇ ಇಲ್ಲ ಅಂದ್ರೆ ತ್ರಿಕೋನದ ರಿಫ್ಲೆಕ್ಟರ್ ಕನಿಷ್ಠ 50 ಮೀಟರ್ ಹಿಂದೆ ಇಡಿ, ಮನೆಯವರನ್ನ ಕಾರೊಳಗೆ ಕೂರಿಸ್ಬೇಡಿ, ಇಳಿಸಿ ತಡೆಗೋಡೆ ಆಚೆ ನಿಲ್ಲಿಸಿ. ಡಿಕ್ಕಿಲಿ ಒಂದು ಒಳ್ಳೆ ಟಾರ್ಚ್, ಹೊಳೆಯೋ ಪಟ್ಟಿ ಇರೋ ಜಾಕೆಟ್, ಗಾಳಿ ತುಂಬಿರೋ ಸ್ಟೆಪ್ನಿ, ಜ್ಯಾಕ್, ಕಂಬಳಿ, ನೀರು ಇರ್ಲಿ. ಹೈವೇಲಿ ಕೆಟ್ಟು ನಿಂತ್ರೆ ಹೈವೇ ಹೆಲ್ಪ್‌ಲೈನ್ 1033ಕ್ಕೆ ಫೋನ್ ಮಾಡಿ, ಜೀವಕ್ಕೆ ತೊಂದರೆ ಅಂದ್ರೆ 112 ಅಥವಾ 108.

ಚನ್ನಪಟ್ಣ_ಅಲ್ಲ_ಚನ್ರಾಯಪಟ್ಣ:

ನಾನು ಕಣ್ಣಿನ ಬಗ್ಗೆ, ಗಾಜಿನ ಬಗ್ಗೆ ಹೇಳ್ತೀನಿ, ನಾನೂ ಮಗುನ ಕೂರಿಸ್ಕೊಂಡು ಇದೇ ರೋಡಲ್ಲಿ ಓಡಿಸೋಳು.

ಎದುರಿನ ಲೈಟ್ ಹೊಡೆದಾಗ ಏನೂ ಕಾಣಲ್ಲ ಅಂದ್ರಲ್ಲ, ಅದರಲ್ಲಿ ಅರ್ಧ ತಪ್ಪು ಮುಂದಿನ ಗಾಜಿಂದು. ಹೊರಗಡೆ ಎಲ್ಲರೂ ತೊಳೀತಾರೆ, ಒಳಗಡೆ ಯಾರೂ ಒರೆಸಲ್ಲ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಬಿಸಿಲಲ್ಲಿ ಕಾದು ಬಿಡೋ ಆವಿ, ಪಾಲಿಶ್, ಧೂಳು ಎಲ್ಲಾ ಸೇರಿ ಜಿಡ್ಡಿನ ಪೊರೆ ಥರ ಕೂತಿರುತ್ತೆ, ಹಗಲಲ್ಲಿ ಕಾಣಲ್ಲ, ರಾತ್ರಿ ಲೈಟ್ ಬಿದ್ರೆ ಗಾಜೆಲ್ಲಾ ಬೆಳ್ಳಗಾಗುತ್ತೆ. ಗ್ಲಾಸ್ ಕ್ಲೀನರ್, ಎರಡು ಮೈಕ್ರೋಫೈಬರ್ ಬಟ್ಟೆ ತಗೊಂಡು ಒಂದರಲ್ಲಿ ಒರೆಸಿ ಇನ್ನೊಂದರಲ್ಲಿ ಒಣಗಿಸಿ, ಆ ಮೂಲೆಗಳಿಗೆ ಕೈ ಹೋಗಲ್ಲ ಅಂತ ಬಿಡಬೇಡಿ. ಡ್ಯಾಶ್‌ಬೋರ್ಡಿಗೆ ಮಿರಿ ಮಿರಿ ಪಾಲಿಶ್ ಹಾಕೋದು ನಿಲ್ಲಿಸಿ. ಹಬೆ ಕೂರೋದೂ ಕಮ್ಮಿ ಆಗುತ್ತೆ, ಯಾಕಂದ್ರೆ ಜಿಡ್ಡಿದ್ದ ಗಾಜಿಗೆ ಹಬೆ ಬೇಗ ಹಿಡಿಯುತ್ತೆ. ಮುಂದಿನ ಹಿಂದಿನ ಗಾಜಲ್ಲಿ 70 ಪರ್ಸೆಂಟ್, ಪಕ್ಕದ್ದರಲ್ಲಿ 50 ಪರ್ಸೆಂಟ್ ಬೆಳಕು ಹಾಯಬೇಕು ಅಂತ ರೂಲ್ ಇದೆ, ಅದಕ್ಕಿಂತ ಕಪ್ಪು ಫಿಲ್ಮ್ ಹಾಕಿದ್ರೆ ರಾತ್ರಿ ತಿರುವಲ್ಲಿ ಪಕ್ಕದ ಗಾಜಿಂದ ಏನೂ ಕಾಣಲ್ಲ, ತೆಗೆಸಿ.

ಒಳಗಿನ ಕನ್ನಡಿ ಕೆಳಗೆ ಸಣ್ಣ ಕಡ್ಡಿ ಇರುತ್ತೆ, ರಾತ್ರಿ ಅದನ್ನ ಎಳೀರಿ, ಹಿಂದಿನ ಲೈಟ್ ಮಂಕಾಗುತ್ತೆ. ಮ್ಯೂಸಿಕ್ ಸಿಸ್ಟಮ್ ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಹೈಬೀಮ್ ಎದುರಾದ್ರೆ ಅದನ್ನ ನೋಡ್ಬೇಡಿ, ರೋಡಿನ ಎಡ ಅಂಚಿನ ಬಿಳಿ ಗೆರೆ ನೋಡ್ಕೊಂಡು ಸ್ಪೀಡ್ ಇಳಿಸಿ. ಹಳದಿ ನೈಟ್ ಡ್ರೈವಿಂಗ್ ಕನ್ನಡಕ ಅಂತ ಮಾರ್ತಾರಲ್ಲ ಅದನ್ನ ತಗೋಬೇಡಿ, ಮೊದಲೇ ಕಮ್ಮಿ ಇರೋ ಬೆಳಕನ್ನ ಅದು ಇನ್ನೂ ಕಮ್ಮಿ ಮಾಡುತ್ತೆ. ಕಣ್ಣು ಟೆಸ್ಟ್ ಮಾಡಿಸಿ, ಪವರ್ ಇದ್ರೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಇರೋ ಲೆನ್ಸ್ ಹಾಕಿಸಿ. ನಿಮ್ಮ ಬದಲು ಅಪ್ಪ ಓಡಿಸೋದಿದ್ರೆ ಅವರ ಕಣ್ಣಲ್ಲಿ ಪೊರೆ ಇದೆಯಾ ನೋಡಿಸಿ, ಪೊರೆ ಶುರು ಆದವರಿಗೆ ರಾತ್ರಿ ಲೈಟ್ ಬಹಳ ಕಷ್ಟ ಕೊಡುತ್ತೆ.

ಇನ್ನೊಂದು, ಯಾರೂ ಹೇಳಲಿಲ್ಲ ಇದನ್ನ. ಈಗ ಹುರುಳಿ, ರಾಗಿ ಒಕ್ಕಣೆ. ಫೋರ್‌ಲೇನ್ ಬಿಟ್ಟು ಒಳರಸ್ತೆಗೆ ಬಂದ್ರೆ ಅರ್ಧ ರೋಡಿಗೆ ಹುಲ್ಲು ಹಾಸಿರ್ತಾರೆ, ರಾತ್ರಿ ರಾಶಿ ಮಾಡಿ ಸುತ್ತ ದಪ್ಪ ದಪ್ಪ ಕಲ್ಲು ಇಟ್ಟು ಹೋಗಿರ್ತಾರೆ. ಆ ಕಲ್ಲಿಗೆ ರಿಫ್ಲೆಕ್ಟರ್ ಎಲ್ಲಿಂದ ಬರ್ಬೇಕು. ಒಣ ಹುರುಳಿ ಮೇಲೆ ಬ್ರೇಕ್ ಹಿಡಿದ್ರೆ ಗಾಡಿ ಜಾರುತ್ತೆ, ಹುಲ್ಲು ಕೆಳಗಡೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಂಡ ಕಾರುಗಳೂ ಇವೆ. ರೈತರಿಗೆ ಕಣ ಇಲ್ಲ, ಅವರ ಕಷ್ಟ ನನಗೆ ಗೊತ್ತು, ನಮ್ಮ ಮನೆಯವರೂ ರೈತರೇ, ಆದ್ರೂ ರಾತ್ರಿ ಹೊತ್ತು ಆ ಕಲ್ಲು ಬಿಡೋದು ಸರಿಯಲ್ಲ ಅಂತ ನಮ್ಮೂರಲ್ಲೂ ಹೇಳ್ತಾನೇ ಇರ್ತೀನಿ. ಹಾಸಿರೋದರ ಮೇಲೆ ಹೋಗಲೇಬೇಕಾದ್ರೆ ನಿಧಾನಕ್ಕೆ ದಾಟಿ, ಆಮೇಲೆ ಒಂದು ಕಡೆ ನಿಲ್ಲಿಸಿ ಟಾರ್ಚ್ ಹಾಕಿ ಕೆಳಗೆ ಬಗ್ಗಿ ನೋಡಿ.

ನಿದ್ದೆ ಬಂದ್ರೆ ಕಾಫಿ ಕುಡಿದು ಎಳೆಯೋದಲ್ಲ, ಬೆಳಕಿರೋ ಬಂಕಲ್ಲಿ ನಿಲ್ಲಿಸಿ ಮಲಗಿ. ಮಲಗೋವಾಗ ಚಳಿ ಅಂತ ಎಂಜಿನ್ ಆನ್ ಇಟ್ಟು ಗ್ಲಾಸ್ ಮುಚ್ಚಿ ಮಲಗಬೇಡಿ, ಹೊಗೆ ಒಳಗೆ ಬಂದ್ರೆ ಎಚ್ಚರನೇ ಆಗಲ್ಲ. ಎಂಜಿನ್ ಆಫ್, ಗ್ಲಾಸ್ ಒಂದು ಬೆರಳಷ್ಟು ಇಳಿಸಿ, ಕಂಬಳಿ ಹೊದ್ಕೊಳ್ಳಿ.

ಕಾಫಿತೋಟದ_ದಾರಿ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಶನಿವಾರ ಇಲ್ಲೇ ಹತ್ರದ ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಇಡಿಸ್ದೆ, ಬ್ಯಾಟರಿ ಹತ್ರ 14, ಬಲ್ಬ್ ಪಿನ್ನಲ್ಲಿ 11.6! ರಿಲೇ ಹಾಕ್ಸಿ ಅರ್ತ್ ಕ್ಲೀನ್ ಮಾಡ್ಸಿದ ಮೇಲೆ 13.5 ಬರ್ತಿದೆ, ಅದೇ ಬಲ್ಬಲ್ಲೇ ಬೇರೆ ಗಾಡಿ ಥರ ಕಾಣ್ತಿದೆ. ಗೋಡೆ ಟೆಸ್ಟ್ ಮಾಡಿದ್ರೆ ಎಡಗಡೆ ಲೈಟ್ ನೆಲ ನೋಡ್ತಿತ್ತು, ಅದನ್ನೂ ಸರಿ ಮಾಡಿದ್ರು. ಒಳಗಡೆ ಗಾಜು ಒರೆಸಿದ ಬಟ್ಟೆ ನೋಡಿ ನಮ್ಮ ಮನೆಯವಳಿಗೆ ಆಶ್ಚರ್ಯ, ಅಷ್ಟು ಕಪ್ಪು. ಎಲ್‌ಇಡಿ ಐಡಿಯಾ ಕೈಬಿಟ್ಟೆ.

ಇನ್ನು ಎರಡೇ ಪ್ರಶ್ನೆ. ಬೆಳಗಿನ ಜಾವ ಹಬೆಗೆ ಏಸಿ ಹಾಕಿ ಅಂದ್ರಿ, ಆದ್ರೆ ಅಮ್ಮನಿಗೆ ಆಸ್ತಮಾ ಇದೆ, ತಣ್ಣನೆ ಗಾಳಿ ಆಗಲ್ಲ, ಏನು ಮಾಡೋದು? ಮತ್ತೆ ಊರಲ್ಲಿ ಎರಡು ರಾತ್ರಿ ಹೊರಗೆ ನಿಂತ್ರೆ ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಆಗೋವಾಗ ಎಳೆಯುತ್ತೆ, ಬ್ಯಾಟರಿ ನಾಲ್ಕು ವರ್ಷದ್ದು.

ವೈರಿಂಗ್_ಮನೆ:

11.6ರಿಂದ 13.5 ಅಂದ್ರೆ ಒಳ್ಳೆ ಕೆಲಸ ಮಾಡಿದ್ದಾರೆ ಸರ್, ಖುಷಿ ಆಯ್ತು. ರಿಲೇಗೆ ಫ್ಯೂಸ್ ಹಾಕಿದ್ದಾರಾ ಒಂದ್ಸಲ ನೋಡ್ಕೊಳ್ಳಿ, ಬ್ಯಾಟರಿ ಹತ್ರಾನೇ ಇರ್ಬೇಕು.

ಅಮ್ಮನಿಗೆ ತೊಂದರೆ ಆಗದ ಹಾಗೆ ಮಾಡ್ಬಹುದು. ಏಸಿ ಬಟನ್ನೂ ಹೀಟರ್ ನಾಬೂ ಒಟ್ಟಿಗೆ ಕೆಲಸ ಮಾಡುತ್ತೆ, ಬಹಳ ಜನ ಎರಡರಲ್ಲಿ ಒಂದೇ ಅಂದ್ಕೊಂಡಿರ್ತಾರೆ. ಗಾಳಿ ಮೊದಲು ಏಸಿ ಕಾಯಿಲ್ ದಾಟಿ ತೇವ ಬಿಟ್ಟು, ಆಮೇಲೆ ಹೀಟರ್ ಮೇಲೆ ಹಾದು ಬೆಚ್ಚಗಾಗಿ ಬರುತ್ತೆ. ಹಾಗಾಗಿ ಏಸಿ ಆನ್, ಟೆಂಪರೇಚರ್ ನಾಬ್ ಕೆಂಪು ಕಡೆಗೆ ಅರ್ಧಕ್ಕಿಂತ ಜಾಸ್ತಿ, ಗಾಳಿ ಗಾಜಿಗೆ ಮಾತ್ರ, ಫ್ರೆಶ್ ಏರ್. ಹೀಟರ್ ಬಿಸಿ ಬರೋದು ಎಂಜಿನ್ ನೀರಿಂದ, ಅದಕ್ಕೆ ಹೊರಟು ಐದಾರು ಕಿಲೋಮೀಟರ್ ಆಗ್ಬೇಕು, ಅಲ್ಲಿವರೆಗೆ ಅಮ್ಮನ್ನ ಹಿಂದಿನ ಸೀಟಲ್ಲಿ ಶಾಲು ಹೊದಿಸಿ ಕೂರಿಸಿ. ಹೊರಡೋ ಮುಂಚೆ ಕ್ಯಾಬಿನ್ ಫಿಲ್ಟರ್ ಬದಲಾಯಿಸಿ, ಆಸ್ತಮಾ ಇರೋರಿಗೆ ಅದು ಮುಖ್ಯ, ಫಿಲ್ಟರ್ ಕಟ್ಟಿದ್ರೆ ಗಾಜಿಗೆ ಗಾಳಿನೂ ಸರಿಯಾಗಿ ಬರಲ್ಲ.

ಬ್ಯಾಟರಿ ನಾಲ್ಕು ವರ್ಷ ಅಂದ್ರೆ ಆಯಸ್ಸು ಹತ್ತಿರ ಬಂದಿದೆ. ನಮ್ಮ ಕಡೆ ಬ್ಯಾಟರಿ ಹಾಳು ಮಾಡೋದು ಏಪ್ರಿಲ್ ಮೇ ಬಿಸಿಲು, ಅದು ಗೊತ್ತಾಗೋದು ಡಿಸೆಂಬರ್ ಚಳಿಗೆ. ರಾತ್ರಿಯೆಲ್ಲಾ ನಿಂತ ಗಾಡಿಲಿ ಬೆಳಿಗ್ಗೆ ಮೀಟರ್ ಇಟ್ರೆ 12.6 ಸುಮಾರು ಬರ್ಬೇಕು, 12.2ಕ್ಕೆ ಇಳಿದಿದ್ರೆ ಚಾರ್ಜ್ ಅರ್ಧನೇ ಇದೆ ಅಂತ. ಪೂರ್ತಿ ಚಾರ್ಜ್ ಮಾಡಿಸಿ ಲೋಡ್ ಟೆಸ್ಟ್ (ಲೋಡ್ ಕೊಟ್ಟಾಗ ವೋಲ್ಟೇಜ್ ಎಷ್ಟು ಇಳಿಯುತ್ತೆ ಅಂತ ನೋಡೋದು) ಮಾಡಿಸಿ, ಅಂಗಡಿಲಿ ಐದು ನಿಮಿಷದ ಕೆಲಸ. ಟರ್ಮಿನಲ್ ಮೇಲೆ ಬಿಳಿ ಪುಡಿ ಇದ್ರೆ ಬಿಸಿನೀರಲ್ಲಿ ತೊಳೆದು ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಟೆಸ್ಟಲ್ಲಿ ವೀಕ್ ಅಂತ ಬಂದ್ರೆ ಈ ಶುಕ್ರವಾರ ಹೊರಡೋಕೆ ಮುಂಚೆನೇ ಬೆಂಗಳೂರಲ್ಲಿ ಹೊಸದು ಹಾಕಿಸಿ, ಸೋಮವಾರ ಬೆಳಿಗ್ಗೆ 4 ಗಂಟೆಗೆ ನಿಮ್ಮೂರಲ್ಲಿ ಯಾವ ಅಂಗಡಿನೂ ತೆಗೆದಿರಲ್ಲ.